ಅಲಾಂಗ್ ಭಾವನ ಗಾಜಿನ ಭರಣಿ

ನಮ್ಮ ಲುಬುಕ್ ಕೆಲಾ ಹಳ್ಳಿಯಲ್ಲಿ ಜನ ಇಮಾಮರಿಗೆ ಹೆದರುವುದಕ್ಕಿಂತ ಹೆಚ್ಚಾಗಿ ನನ್ನ ಭಾವನ ಗಾಜಿನ ಭರಣಿಗೆ ಹೆದರುತ್ತಾರೆ. ಒಂದು ಕಾಲಕ್ಕೆ ಅದರಲ್ಲಿ ಬಿಸ್ಕತ್ತು ತುಂಬಿಡುತ್ತಿದ್ದರು. ಈಗ ಅದರಲ್ಲಿರುವುದು ಊರಿನವರ ಮಾನ. ಮೂವತ್ತೆಂಟು ವರ್ಷಗಳಲ್ಲಿ ರಿಪೇರಿಗೆ ಬಂದ ಕಾರುಗಳ ಹೊಟ್ಟೆಯಿಂದ ಭಾವ ಹೊರಗೆ ತೆಗೆದದ್ದೆಲ್ಲ ಅಲ್ಲಿದೆ. ಪ್ಲಗ್ ವೈರಿಗೆ ಸುತ್ತಿದ್ದ ಚಾಕೊಲೇಟಿನ ಬೇಗಡೆ, ಗಾಳಿ ಫಿಲ್ಟರಿನ ಜಾಗದಲ್ಲಿ ತುರುಕಿದ್ದ ಶಾಲೆಯ ಮೇಷ್ಟ್ರ ಕಾಲುಚೀಲ, ಪೆಟ್ರೋಲ್ ಟ್ಯಾಂಕಿಗೆ ಮುಚ್ಚಳವಾಗಿದ್ದ ತೆಂಗಿನ ನಾರಿನ ಬಿರಡೆ. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ಆ ಕೆಲಸ ಮಾಡಿದವನ ಹೆಸರು ಮತ್ತು ವರ್ಷ. ರಿಪೇರಿ ಶೆಡ್ಡಿಗೆ ಬಂದವರಿಗೆಲ್ಲ ಭಾವ ಅದನ್ನು ತೋರಿಸಿ ನಗಿಸುತ್ತಾರೆ. ಹೆಸರಿನ ಯಜಮಾನ ಎದುರಿಗೇ ಕೂತಿದ್ದರೂ ಬಿಡುವುದಿಲ್ಲ.

ಭಾವನ ಹೆಸರು ಮೀಯೋರ್ ಸಂಸುರಿ. ಆ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಇದೆ. ಊರಿಗೆಲ್ಲ ಅವರು ಅಲಾಂಗ್, ನನ್ನ ಬಾಯಲ್ಲಿ ಬಾಂಗ್; ಅಣ್ಣನನ್ನೂ ಗಂಡನನ್ನೂ ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಅವರ ಹೆಂಡತಿ ನನ್ನ ಅಕ್ಕ. ಮನೆಗೆ ಹಿರಿಯಳಾದ್ದರಿಂದ ಅವಳು ಯೋಂಗ್, ಕಡೆಯವನಾದ್ದರಿಂದ ನಾನು ಬುಸು. ನಡುವೆ ಏಳು ಜನ ಇದ್ದಾರೆ, ಅವರ ಸುದ್ದಿ ಈಗ ಬೇಡ. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಯೋಂಗ್. ಈಗ ನನಗೆ ಐವತ್ತೆಂಟು, ಆದರೂ ಅವಳ ಲೆಕ್ಕದಲ್ಲಿ ನನ್ನ ಮೂಗು ಇನ್ನೂ ಸುರಿಯುತ್ತಲೇ ಇದೆ.

ಭಾವ ಹದಿಮೂರನೇ ವಯಸ್ಸಿಗೆ ಕ್ವಾಲಾ ಕಂಗ್ಸಾರ್ ಪಟ್ಟಣದ ಲಿಯೋಂಗ್ ಸಾಹುಕಾರರ ವರ್ಕ್‌ಶಾಪಿಗೆ ಸೇರಿದರು. ಮೊದಲ ಎರಡು ವರ್ಷ ಸ್ಪ್ಯಾನರ್ ಮುಟ್ಟಲು ಬಿಡಲಿಲ್ಲವಂತೆ. ಬಿಚ್ಚಿದ ಸ್ಪಾರ್ಕ್ ಪ್ಲಗ್ಗುಗಳನ್ನು ಪೆಟ್ರೋಲಿನಲ್ಲಿ ತೊಳೆದು ಸಾಲಾಗಿ ಜೋಡಿಸುವುದಷ್ಟೇ ಕೆಲಸ. ತೊಳೆಯುವ ಮೊದಲು ಸಾಹುಕಾರರಿಗೆ ತೋರಿಸಿ, ಇದು ಯಾವ ರೋಗ ಎಂದು ಹೇಳಬೇಕು. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಒದ್ದೆಯಾಗಿದ್ದರೆ ಕಿಡಿಯೇ ಇಲ್ಲ. ತಪ್ಪು ಹೇಳಿದರೆ ಆ ಪ್ಲಗ್ಗಿನಿಂದಲೇ ತಲೆಗೊಂದು ಬೀಳುತ್ತಿತ್ತು. ಭಾವನ ತಲೆಯ ಮೇಲೆ ಈಗಲೂ ಒಂದು ಕಡೆ ಕೂದಲು ಬರುವುದಿಲ್ಲ. ಅದನ್ನು ಅವರು ‘ನನ್ನ ಸರ್ಟಿಫಿಕೇಟು’ ಎನ್ನುತ್ತಾರೆ.

ಹಾಗೆ ಕಲಿತದ್ದಕ್ಕೋ ಏನೋ, ಹೊಸ ಸಾಮಾನು ಎಂದರೆ ಅವರಿಗೆ ಆಗದು. ಯಾರಾದರೂ ಬಂದು, “ಇಂಜಿನ್ ಮಿಸ್ಸಿಂಗ್ ಹೊಡೀತಿದೆ ಅಲಾಂಗ್, ಪ್ಲಗ್ಗು ವೈರು ಎಲ್ಲಾ ಬದಲಾಯ್ಸಿಬಿಡಿ” ಎಂದರೆ ಸಾಕು, ಸಿಡುಕುತ್ತಾರೆ.

“ದುಡ್ಡು ಹೆಚ್ಚಾಗಿದ್ರೆ ಹೆಂಡ್ತಿಗೆ ಬಟ್ಟೆ ತಗೊಂಡು ಹೋಗಯ್ಯ. ಇಂಜಿನ್‌ಗೆ ಏನ್ ಬೇಕು ಅಂತ ಇಂಜಿನ್ನನ್ನೇ ಕೇಳೋಣ, ನಿನ್ನನ್ನಲ್ಲ.”

ಆಮೇಲೆ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚುತ್ತಾರೆ. ಹತ್ತರಲ್ಲಿ ಎಂಟು ಸಲ ಒಂದು ತುಂಡು ರಬ್ಬರ್ ಪೈಪಿನಲ್ಲಿ, ಇಲ್ಲವೇ ಉಪ್ಪುಕಾಗದದಲ್ಲಿ ಒಮ್ಮೆ ಉಜ್ಜುವುದರಲ್ಲಿ ಕೆಲಸ ಮುಗಿಯುತ್ತದೆ. ಕೂಲಿ ಎರಡು ರಿಂಗಿಟ್, ಐದು ರಿಂಗಿಟ್. ಇಂಥವರು ಶ್ರೀಮಂತರಾಗುವುದಿಲ್ಲ, ಆಗಲೂ ಇಲ್ಲ.

ಯೋಂಗಳ ಕಿಡ್ನಿ ಎರಡೂ ಕೈಕೊಟ್ಟು ನಾಲ್ಕು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಕ್ವಾಲಾ ಕಂಗ್ಸಾರಿಗೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಕುರ್ಚಿಯಲ್ಲಿ ಒರಗಬೇಕು. ಹೋಗಿ ಬರಲು ಅವಳದೇ ಒಂದು ಮುದಿ ಕಾರು, ಮೂರು ಸಿಲಿಂಡರಿನ ಹಸಿರು ಬಣ್ಣದ್ದು. ಅದಕ್ಕೆ ಅವಳು ಆಮೆ ಎಂದು ಹೆಸರಿಟ್ಟಿದ್ದಾಳೆ. ಓಡಿಸುವವನು ಹೆಚ್ಚಾಗಿ ನಾನು. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ನನಗೂ ಬೇರೆ ಕೆಲಸವಿರಲಿಲ್ಲ.

ನಾನು ಹೇಳಹೊರಟಿರುವುದು ಹೋದ ವರ್ಷದ ಉಪವಾಸದ ತಿಂಗಳ ಕೊನೆಯ ವಾರದ ಮಾತು. ಹಬ್ಬ ಹತ್ತಿರ ಬಂದಿತ್ತು. ಊರೂರಿಗೆ ಹೋಗುವವರ ಕಾರುಗಳೆಲ್ಲ ಭಾವನ ಶೆಡ್ಡಿನ ಮುಂದೆ ಸಾಲುಗಟ್ಟಿದ್ದವು. ಸೋಮವಾರ ಯೋಂಗಳನ್ನು ಕರೆದುಕೊಂಡು ಹೋಗುವಾಗ ದಾರಿಯ ಗುಡ್ಡದ ಏರಿನಲ್ಲಿ ಆಮೆ ಬಿಕ್ಕಳಿಸತೊಡಗಿತು. ಹಿಂದಿನ ಸೀಟಿನಿಂದ ಯೋಂಗ್, “ಹದಿನೇಳು ಸಲ ಬಿಕ್ಕಿತು ಕಣೋ, ಎಣಿಸಿದೀನಿ” ಅಂದಳು. ಮನೆಗೆ ಬಂದ ಕೂಡಲೇ ಭಾವನಿಗೆ ಹೇಳಿದೆ.

“ನಾಳೆ ನೋಡ್ತೀನಿ” ಅಂದರು.

ನಾಳೆ ಬಂತು, ಇನ್ನೂ ಮೂರು ಕಾರು ಬಂದವು. ಬುಧವಾರ ಹೊರಟೆವು. ಹಿಂದಿನ ದಿನದ ಮಳೆಗೆ ದೊಡ್ಡ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಎರಡು ಗಂಟೆ ಕಾದು ವಾಪಸು ಬಂದೆವು. ಹಾಗಾಗಿ ಬುಧವಾರದ ಡಯಾಲಿಸಿಸ್ ತಪ್ಪಿತು. ಒಂದು ತಪ್ಪಿದರೆ ಹೇಗೋ ತಡೆಯಬಹುದು, ಎರಡು ತಪ್ಪಿದರೆ ನೀರು ಎದೆಗೇರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ಸಂಜೆ ಮತ್ತೆ ಭಾವನ ಹತ್ತಿರ ಹೋದೆ.

“ಬಾಂಗ್, ಆಮೆ ಗುಡ್ಡ ಹತ್ತಲ್ಲ. ಶುಕ್ರವಾರ ಹೋಗಲೇಬೇಕು.”

“ಗೊತ್ತು ಕಣೋ. ಮೇಷ್ಟ್ರ ಕಾರು ಮುಗೀಲಿ, ನೋಡ್ತೀನಿ.”

ದೀಪದ ಬುಡದಲ್ಲೇ ಕತ್ತಲೆ. ಊರಿನ ಕಾರುಗಳನ್ನೆಲ್ಲ ಎಬ್ಬಿಸಿ ಕಳಿಸುವ ಮನುಷ್ಯ ಹೆಂಡತಿಯ ಕಾರನ್ನು ಯಾವಾಗಲೂ ಸಾಲಿನ ಕೊನೆಗೇ ನಿಲ್ಲಿಸುತ್ತಿದ್ದರು. ಮನೆಯದು ತಾನೇ, ಎಲ್ಲಿ ಹೋಗುತ್ತೆ ಎಂದು. ನನಗೆ ಮೈಯೆಲ್ಲ ಉರಿಯಿತು. ಉರಿಯ ಜೊತೆಗೆ ಹೆದರಿಕೆ. ಹೆದರಿದವನಿಗೆ ಯಾರು ಬುದ್ಧಿ ಹೇಳಿದರೂ ಗುರುವೇ.

ನನಗೆ ಸಿಕ್ಕ ಗುರು ಸಂಜೆಯ ಬಜಾರಿನಲ್ಲಿ ಕಬ್ಬಿನ ಹಾಲು ಮಾರುವ ಪಾಕ್ ತೇಹ್ ಜಮಕ್. ಗುರುವಾರ ಅವನ ಮುಂದೆ ಗೋಳು ತೋಡಿಕೊಂಡೆ.

“ಅಯ್ಯೋ ಇಷ್ಟೇನಾ!” ಅಂದ. “ಬಟ್ಟೆ ಬೀರುಗೆ ಇಡ್ತೀವಲ್ಲ ಡಾಂಬರು ಗುಳಿಗೆ, ಅದನ್ನ ಟ್ಯಾಂಕಿಗೆ ಹಾಕು. ಪೆಟ್ರೋಲ್‌ಗೆ ಖಾರ ಬರುತ್ತೆ. ನನ್ನ ವ್ಯಾನಿಗೆ ವರ್ಷಾನುಗಟ್ಲೆ ಹಾಕ್ತಿದೀನಿ. ಗುಡ್ಡ ಅಲ್ಲ, ಗೋಡೆ ಹತ್ತುತ್ತೆ.”

ಈ ಗುಳಿಗೆಯ ವೈದ್ಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಭಾವ ಅದನ್ನು ಯಾವಾಗಲೂ ಆಡಿಕೊಂಡು ನಗುತ್ತಿದ್ದರು, ಅದೂ ನನಗೆ ಗೊತ್ತಿತ್ತು. ಆದರೆ ನಾನು ಏನು ಹೇಳಿದರೂ ಭಾವ ನಗುತ್ತಾರೆ. ಹಾಗಾಗಿ ಅವರ ನಗುವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಯೋಂಗಳ ಬೀರುವಿನಲ್ಲಿ, ಹಬ್ಬದ ಬಟ್ಟೆಗಳ ನಡುವೆ, ಹೊಸ ಪೊಟ್ಟಣವೇ ಇತ್ತು. ಜಮಕ್ ಹೇಳಿದ್ದು ತುಂಬಿದ ಟ್ಯಾಂಕಿಗೆ ಎರಡು. ನನ್ನ ಅವಸರಕ್ಕೆ ಎರಡು ಯಾವ ಮೂಲೆಗೆ? ಕಾಲು ಭಾಗ ಪೆಟ್ರೋಲ್ ಇದ್ದ ಟ್ಯಾಂಕಿಗೆ ಪೊಟ್ಟಣದ ಹನ್ನೆರಡೂ ಗುಳಿಗೆ ಹಾಕಿ, ಮುಚ್ಚಳ ತಿರುಗಿಸಿ, ಕೈ ತೊಳೆದುಕೊಂಡು ಮಸೀದಿಗೆ ಹೋದೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹೊರಡಬೇಕು. ಎಂಟಕ್ಕೆ ಅವಳ ಕುರ್ಚಿ. ಎಂಟೂವರೆಯೊಳಗೆ ಬಾರದಿದ್ದರೆ ಕಾದು ಕೂತಿರುವ ಬೇರೆಯವರಿಗೆ ಕೊಡುತ್ತಾರೆ, ಅದು ಅಲ್ಲಿಯ ನಿಯಮ. ದಾರಿ ಮುಕ್ಕಾಲು ಗಂಟೆಯದು. ಯೋಂಗ್ ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತೇ ಕಳೆದಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾಲು ಊದಿ ಚಪ್ಪಲಿ ಹಿಡಿಸದೆ ಭಾವನ ಚಪ್ಪಲಿ ಮೆಟ್ಟಿಕೊಂಡು ಬಂದಳು.

“ನೋಡಿ ಬಾಂಗ್, ಮದುವೆಯಾಗಿ ನಲವತ್ತು ವರ್ಷಕ್ಕೆ ನಿಮ್ಮ ಚಪ್ಪಲಿ ನನ್ನ ಕಾಲಿಗೆ ಬಂತು. ಇನ್ಮೇಲೆ ಮನೆಯಲ್ಲಿ ನನ್ನ ಮಾತೇ ನಡೀಬೇಕು” ಅಂದಳು. ಇಷ್ಟು ಹೇಳಲು ಮೂರು ಸಲ ನಿಂತು ಉಸಿರು ತೆಗೆದುಕೊಂಡಳು. ಭಾವ ನಗಲಿಲ್ಲ.

ಕಾರು ಶುರುವಾಯಿತು. ಮಸೀದಿಯ ತಿರುವಿನವರೆಗೂ ಹೋಗಲಿಲ್ಲ, ಮೈಯೆಲ್ಲ ನಡುಗಿಸಿಕೊಂಡು, ಎರಡು ಸಲ ಸೀನಿ, ನಿಂತೇಬಿಟ್ಟಿತು. ನಾನೂ ಓಡಿಬಂದ ಭಾವನೂ ತಳ್ಳಿಕೊಂಡು ಶೆಡ್ಡಿಗೆ ತಂದೆವು. ಯೋಂಗ್ ಒಳಗೇ ಕೂತಿದ್ದಳು. ಆಂಬುಲೆನ್ಸಿಗೆ ಫೋನು ಮಾಡಿದೆ. ಅದು ಬೇರೆ ಕಡೆ ಹೋಗಿದೆ, ಬರಲು ಒಂದು ಗಂಟೆಗೂ ಮೇಲಾಗುತ್ತದೆ ಎಂದರು. ಶೆಡ್ಡಿನಲ್ಲಿ ಉಳಿದಿದ್ದ ಎರಡು ಕಾರುಗಳಲ್ಲಿ ಒಂದಕ್ಕೆ ಇಂಜಿನ್ ಇರಲಿಲ್ಲ, ಮೇಷ್ಟ್ರದಕ್ಕೆ ಚಕ್ರಗಳಿರಲಿಲ್ಲ. ಅಕ್ಕಪಕ್ಕದವರ ಗಾಡಿಗಳು ಬೆಳಗಾಗುವ ಮೊದಲೇ ಸಂತೆಗೆ ಹೋಗಿದ್ದವು. ನನ್ನ ಮೋಟಾರ್ ಸೈಕಲ್ ಇತ್ತು, ಆದರೆ ಆ ಉಸಿರಿನಲ್ಲಿ ಅವಳನ್ನು ಅದರ ಮೇಲೆ ಕೂರಿಸುವುದು ಹೇಗೆ?

ಭಾವ ಬಾನೆಟ್ ಎತ್ತಿದರು. ಆಗ ಏಳು ಗಂಟೆ ಹತ್ತು ನಿಮಿಷ.

“ಸ್ಟಾರ್ಟ್ ಮಾಡು. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡ್ಕೋ, ಆರಬಾರದು.”

ಒಣ ಬಟ್ಟೆ ಸುತ್ತಿದ ಇಕ್ಕಳದಲ್ಲಿ ಮೊದಲನೇ ಪ್ಲಗ್ಗಿನ ವೈರು ಕಿತ್ತರು. ಇಂಜಿನ್ನಿನ ಸದ್ದು ಕುಸಿಯಿತು. ಹಾಗೆ ಕುಸಿದರೆ ಅದು ದುಡಿಯುತ್ತಿತ್ತು ಎಂದರ್ಥ. ಮತ್ತೆ ಹಾಕಿದರು. ಮೂರನೆಯದನ್ನು ಕಿತ್ತರು, ಅದೂ ಕುಸಿಯಿತು. ನಡುವಿನದನ್ನು ಕಿತ್ತಾಗ ಸದ್ದು ಇದ್ದ ಹಾಗೇ ಇತ್ತು.

“ನಡುವಿನೋನು ಮಲಗಿದಾನೆ” ಅಂದರು.

ನಡುವಿನ ಪ್ಲಗ್ ಬಿಚ್ಚಿ ಮೂರನೆಯದರ ಜಾಗಕ್ಕೆ, ಮೂರನೆಯದನ್ನು ನಡುವಿಗೆ ಹಾಕಿದರು. ಆಗಲೂ ಮಲಗಿದ್ದವನು ನಡುವಿನವನೇ. ಹಾಗಾದರೆ ತಪ್ಪು ಪ್ಲಗ್ಗಿನದಲ್ಲ. ಯೋಂಗಳ ಹಣೆ ಒರೆಸಲು ತಂದಿದ್ದ ನೀರಿನಲ್ಲಿ ಬೆರಳು ಅದ್ದಿ ವೈರಿನ ಮೇಲೆ ಚಿಮುಕಿಸಿದರು. ಬಾನೆಟ್ಟಿನ ನೆರಳಿನಲ್ಲಿ ವೈರಿನ ಮೈಮೇಲೆ ನೀಲಿ ಕಿಡಿಯೊಂದು ಚಟಚಟ ಕುಣಿಯಿತು. ಕೂದಲೆಳೆಯಷ್ಟು ಸೀಳು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಅಲ್ಲೇ ಸೋರಿಹೋಗುತ್ತಿತ್ತು.

“ಸೋಮವಾರ ನೀನು ಹೇಳಿದ್ದು ಇದೇ” ಎಂದು ಭಾವ ತಗ್ಗಿದ ದನಿಯಲ್ಲಿ ಅಂದರು. ಮೇಷ್ಟ್ರ ಕಾರಿನಿಂದ ಒಂದು ವೈರು ಕಿತ್ತು ಇದಕ್ಕೆ ಸಿಕ್ಕಿಸಿದರು. ಮೂರೂ ಸಿಲಿಂಡರು ಎದ್ದು ಕೂತವು. ಆಮೆ ಎಷ್ಟೋ ದಿನದ ಮೇಲೆ ಒಂದೇ ದನಿಯಲ್ಲಿ ಓಡಿತು.

ನನ್ನ ಎದೆಯಿಂದ ಬಂಡೆ ಇಳಿದಂತಾಯಿತು. ತಪ್ಪು ವೈರಿನದು! ನನ್ನ ಗುಳಿಗೆಗಳದಲ್ಲ! ಈ ಗುಟ್ಟು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ ಎಂದುಕೊಂಡು ಗೇರಿಗೆ ಹಾಕಿದೆ. ಗೇಟು ದಾಟುವ ಮೊದಲೇ ಇಂಜಿನ್ ಮತ್ತೆ ಬಿಕ್ಕಿತು. ಈ ಬಿಕ್ಕು ಬೇರೆ. ಒಂದು ಸಿಲಿಂಡರಿನದಲ್ಲ, ಮೂರೂ ಒಟ್ಟಿಗೆ ತಡವರಿಸುತ್ತಿದ್ದವು. ಭಾವ ಬಗ್ಗಿ, ಸ್ಕ್ರೂ ಡ್ರೈವರ್ ಕಿವಿಗಿಟ್ಟು ಕೇಳಿದರು. ಅವರ ಮುಖ ಬಿಳಿಚಿತು. ಅವರ ಮುಖ ಹಾಗಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

“ಇದು ಎರಡನೇ ಕಾಯಿಲೆ. ಕಿಡಿ ಹಂಚೋ ಮುಚ್ಚಳ ಬಿಚ್ಚಿ ಉಜ್ಜಬೇಕು. ಹತ್ತು ನಿಮಿಷ ಆಗುತ್ತೆ. ಅದೇ ಇರಬೇಕು, ಅದೇ ಇರಬೇಕು.”

ಏಳೂ ಇಪ್ಪತ್ತೈದು. ಭಾವ ಉಪ್ಪುಕಾಗದ ಹುಡುಕುತ್ತಿದ್ದರು. ಡಬ್ಬಿ ಕೈತಪ್ಪಿ ತಿರುಪುಗಳೆಲ್ಲ ನೆಲಕ್ಕೆ ಚೆಲ್ಲಿದವು. ಅವರು ಬಿಚ್ಚಲು ಹೊರಟದ್ದು ಸುಮ್ಮನೆ ದಂಡದ ಕೆಲಸ. ಅದು ಗೊತ್ತಿದ್ದವನು ನಾನೊಬ್ಬನೇ. ಹಿಂದಿನ ಸೀಟಿನಲ್ಲಿ ಯೋಂಗ್ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಎದೆಯೊಳಗೆ ಹುಕ್ಕಾ ಗುಡುಗುಡಿಸಿದಂಥ ಸದ್ದು. ಇದನ್ನು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಸದ್ದು ಕೇಳುತ್ತಿದ್ದಾಗಲೂ ನನ್ನ ಕಣ್ಣು ಹೋದದ್ದು ಶೆಲ್ಫಿನ ಮೇಲಿನ ಭರಣಿಯ ಕಡೆಗೆ. ಅದರೊಳಗೆ ಒಂದು ಚೀಟಿ, ಅದರ ಮೇಲೆ ಬುಸು ಎಂಬ ಹೆಸರು, ಸುತ್ತ ನಗುವ ಊರು. 

ಯೋಂಗ್ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು.

“ಬುಸು, ಸಣ್ಣವನಿದ್ದಾಗ ಸಕ್ಕರೆ ಡಬ್ಬಿ ಒಡೆದು ಬಾವಿಗೆ ಹಾಕಿದ್ಯಲ್ಲ… ಅವತ್ತೂ ನಿನ್ನ ಮುಖ… ಹಿಂಗೇ ಇತ್ತು” ಅಂದಳು. “ಏನ್ ಮಾಡಿದ್ಯೋ?”

“ಬಾಂಗ್, ಅದನ್ನ ಬಿಚ್ಚಬೇಡಿ” ಅಂದೆ. “ಟ್ಯಾಂಕಿಗೆ ಡಾಂಬರು ಗುಳಿಗೆ ಹಾಕಿದೀನಿ.”

ಭಾವ ಬಗ್ಗಿದ್ದಲ್ಲಿಂದ ಎದ್ದರು. “ಎಷ್ಟು?”

“ಹನ್ನೆರಡು.”

“ಪೆಟ್ರೋಲ್ ಎಷ್ಟಿತ್ತು?”

“ಕಾಲು ಟ್ಯಾಂಕು.”

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನೇರವಾಗಿ ಕಾರ್ಬುರೇಟರಿನ ತಿರುಪುಗಳಿಗೆ ಕೈ ಹಾಕಿದರು. ಈ ಸಲ ಒಂದು ತಿರುಪೂ ಕೆಳಗೆ ಬೀಳಲಿಲ್ಲ. ರೋಗ ಯಾವುದೆಂದು ತಿಳಿದ ಮೇಲೆ ಅವರ ಕೈ ತಪ್ಪುವುದಿಲ್ಲ.

ಕಾರ್ಬುರೇಟರಿನ ಒಳಗೆ ಪೆಟ್ರೋಲ್ ಚಿಮ್ಮುವ ಸೂಜಿ ತೂತು ಇರುತ್ತದೆ, ಅದಕ್ಕೆ ಜೆಟ್ ಎನ್ನುತ್ತಾರೆ. ಭಾವ ಅದನ್ನು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದರು. ಬಾಯಿಗೆ ಪುಡಿಯುಪ್ಪು ಹಿಡಿದ ಹಾಗೆ ಬೆಳ್ಳನೆಯ ಹರಳು. ಪೆಟ್ರೋಲಿನಲ್ಲಿ ಕರಗಿದ ಗುಳಿಗೆ ಅಲ್ಲಿ ಬಂದು ಮತ್ತೆ ಗಟ್ಟಿಯಾಗಿತ್ತು. ನಮ್ಮ ಹಬ್ಬದ ಬಟ್ಟೆಯ ವಾಸನೆ ಶೆಡ್ಡನ್ನೆಲ್ಲ ತುಂಬಿತು. ಹರಳನ್ನು ಖಾಲಿ ಬೆಂಕಿಪೊಟ್ಟಣಕ್ಕೆ ಕೆರೆದು ಹಾಕಿ, ಸೈಕಲ್ ಪಂಪಿನಿಂದ ಜೆಟ್ಟಿಗೆ ಗಾಳಿ ಹೊಡೆದರು.

“ಇದು ಶುದ್ಧ ಆಯ್ತು. ಆದ್ರೆ ಟ್ಯಾಂಕಿಂದ ಇನ್ನೊಂದು ಹನಿ ಬಂದ್ರೂ ಮತ್ತೆ ಕಟ್ಟುತ್ತೆ. ನಿನ್ನ ಬೈಕಲ್ಲಿ ಎಷ್ಟಿದೆ?”

“ನಿನ್ನೆ ತುಂಬಿಸಿದೀನಿ.”

ಒಂದು ರಬ್ಬರ್ ಪೈಪನ್ನು ಬೈಕಿನ ಟ್ಯಾಂಕಿಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ನನ್ನ ಬಾಯಿಗೆ ಕೊಟ್ಟರು. “ಎಳಿ.”

“ಬಾಂಗ್, ಉಪವಾಸ…”

“ಎಳಿ ಅಂತಷ್ಟೇ ಅಂದೆ. ಉಗಿ, ನುಂಗಬೇಡ. ಹೊಟ್ಟೆಗೆ ಹೋದ್ರೆ ಹಬ್ಬ ಆದ್ಮೇಲೆ ಒಂದಿನ ಜಾಸ್ತಿ ಹಿಡಿ. ಹನ್ನೆರಡು ದಿನ ಹಿಡಿದ್ರೂ ತಪ್ಪಿಲ್ಲ.”

ಎಳೆದೆ. ಬಾಯಿ ತುಂಬಾ ಬಂತು. ಉಗಿದೆ. ನುಂಗಿದೆನೋ ಇಲ್ಲವೋ ದೇವರಿಗೇ ಗೊತ್ತು, ಆಮೇಲೆ ನಾನು ಎರಡು ದಿನ ಹೆಚ್ಚಿಗೆ ಉಪವಾಸ ಹಿಡಿದೆ. ನೀರಿನ ಎರಡು ದೊಡ್ಡ ಬಾಟಲಿಗಳಲ್ಲಿ ಪೆಟ್ರೋಲ್ ತುಂಬಿತು. ಒಂದರ ಮುಚ್ಚಳಕ್ಕೆ ತೂತು ಕೊರೆದು ಪೈಪು ಸಿಕ್ಕಿಸಿ, ಬಾಟಲಿಯ ತಳಕ್ಕೆ ಗಾಳಿಯಾಡಲು ಒಂದು ಮೊಳೆ ಚುಚ್ಚಿ ತೆಗೆದು, ಪೈಪಿನ ಇನ್ನೊಂದು ತುದಿಯನ್ನು ಬಾನೆಟ್ಟಿನ ಸಂದಿನಿಂದ ನೇರವಾಗಿ ಕಾರ್ಬುರೇಟರಿಗೆ ಕೊಟ್ಟರು.

“ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ಬಾಟಲಿ ತಲೆಕೆಳಗು ಮಾಡಿ ಕಿಟಕಿ ಆಚೆ ಎತ್ತಿ ಹಿಡಿ. ಕೈ ಇಳಿಸಿದ್ಯೋ, ಇಂಜಿನ್ ಸಾಯುತ್ತೆ. ದೇವರಾಣೆ ಬುದ್ಧಿವಂತಿಕೆ ಮಾತ್ರ ಮಾಡಬೇಡ.”

ಏಳೂ ನಲವತ್ತೆಂಟಕ್ಕೆ ಹೊರಟೆವು. ದಾರಿ ಮುಕ್ಕಾಲು ಗಂಟೆ, ಉಳಿದಿದ್ದದ್ದು ನಲವತ್ತೆರಡು ನಿಮಿಷ.

ಆ ದಾರಿಯನ್ನು ನಾನು ನೂರಾರು ಸಲ ಓಡಿಸಿದ್ದೇನೆ, ಅವತ್ತಿನಷ್ಟು ಉದ್ದ ಯಾವತ್ತೂ ಇರಲಿಲ್ಲ. ಕೈ ಸೋತು ಮರಗಟ್ಟಿತು. ತೊಟ್ಟಿಕ್ಕಿದ ಪೆಟ್ರೋಲ್ ತೋಳಿನಗುಂಟ ಕಂಕುಳಿಗೆ ಇಳಿದು ಉರಿಯುತ್ತಿತ್ತು. ಎದುರಿಗೆ ಬಂದ ಲಾರಿಯವರು ಹಾರ್ನ್ ಹೊಡೆದು ನಕ್ಕರು. ಹಿಂದೆ ಯೋಂಗಳ ಉಸಿರಿನ ಸದ್ದು ಕೇಳಿಸುತ್ತಿತ್ತು, ಕೇಳಿಸದಿದ್ದಾಗ ಇನ್ನೂ ಹೆದರಿಕೆಯಾಗುತ್ತಿತ್ತು. ಗುಡ್ಡದ ಬುಡಕ್ಕೆ ಬಂದಾಗ ಮೊದಲ ಬಾಟಲಿ ತಳ ಕಂಡಿತು. ಭಾವ ಗಾಡಿ ನಿಲ್ಲಿಸಿ, ಪೈಪನ್ನು ಬೆರಳಲ್ಲಿ ಅದುಮಿ ಹಿಡಿದು, ಎರಡನೇ ಬಾಟಲಿಗೆ ಬದಲಾಯಿಸಿ ಮತ್ತೆ ಹೊರಟರು. ಏರಿನ ನಡುವೆ ಪೈಪಿನೊಳಗೆ ಒಂದು ಗಾಳಿಗುಳ್ಳೆ ಬಂತು. ಇಂಜಿನ್ ಒಮ್ಮೆ ಬಿಕ್ಕಿತು.

“ಒಂದು” ಎಂದು ಹಿಂದಿನಿಂದ ಯೋಂಗ್ ಎಣಿಸಿದಳು.

ನಾನು ಕಿಟಕಿಯಿಂದ ಸೊಂಟದವರೆಗೆ ಆಚೆ ಬಾಗಿ ಬಾಟಲಿಯನ್ನು ಕಾರಿನ ಚಾವಣಿಗಿಂತ ಮೇಲೆ ಎತ್ತಿದೆ. ಗುಳ್ಳೆ ಹೋಯಿತು. ಯೋಂಗ್ ಎರಡು ಎನ್ನಲಿಲ್ಲ. ಗುಡ್ಡ ಇಳಿದಾಗ ಭಾವನ ಕೆನ್ನೆ ಒದ್ದೆಯಾಗಿತ್ತು. ಬೆವರು ಎಂದುಕೊಳ್ಳಲು ನನಗೂ ಅನುಕೂಲವಾಗಿತ್ತು.

ಡಯಾಲಿಸಿಸ್ ಕೇಂದ್ರದ ಬಾಗಿಲಿಗೆ ಬಂದಾಗ ಎಂಟೂ ಮೂವತ್ತನಾಲ್ಕು. ಅವಳ ಕುರ್ಚಿಯ ಪಕ್ಕದಲ್ಲಿ ಕಾಯುವ ಸಾಲಿನ ಚೀನೀ ಮುದುಕರೊಬ್ಬರು ಆಗಲೇ ಶೂ ಬಿಚ್ಚುತ್ತಿದ್ದರು. ನರ್ಸಮ್ಮ ಅಲಮೇಲು ಗಡಿಯಾರ ನೋಡಿ, ನಮ್ಮನ್ನು ನೋಡಿ, ಮತ್ತೆ ಗಡಿಯಾರ ನೋಡಿದರು. ಭಾವ ಯೋಂಗಳ ತೋಳು ಹಿಡಿದು ನಿಂತಿದ್ದರು. ಆ ಮುದುಕರು ಗಂಡಸರ ಚಪ್ಪಲಿಯಿಂದ ಆಚೆ ಉಕ್ಕುತ್ತಿದ್ದ ಅವಳ ಪಾದಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಗ್ಗಿ ಶೂ ವಾಪಸು ಹಾಕಿಕೊಳ್ಳತೊಡಗಿದರು.

“ನನ್ನ ಕಿಡ್ನಿ ನಿನ್ನೆಯಷ್ಟೇ ಕೆಟ್ಟಿದೆ ತಾಯಿ. ನಿಂದು ನೋಡಿದ್ರೆ ಹಳೇದು. ಕುರ್ಚಿ ಹತ್ತಮ್ಮ, ಹತ್ತು” ಅಂದರು.

ನಾಲ್ಕು ಗಂಟೆ ನಾವಿಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆವು. ನಾನು ಎರಡು ಸಲ, “ಬೈದುಬಿಡಿ ಬಾಂಗ್” ಎಂದೆ. “ನಿನ್ನ ಬೈಕಿಗೆ ಪೆಟ್ರೋಲ್ ಹಾಕ್ಸಿಕೊಡಬೇಕು” ಎಂದಷ್ಟೇ ಅಂದರು. ಯೋಂಗ್ ಹೊರಗೆ ಬಂದಾಗ ಭಾವನ ಚಪ್ಪಲಿ ಅವಳ ಕಾಲಿನಿಂದ ಜಾರಿ ಜಾರಿ ಬೀಳುತ್ತಿತ್ತು. ಅದನ್ನು ನೋಡಿ ನಾನು ಅತ್ತುಬಿಟ್ಟೆ.

ಹಬ್ಬದ ದಿನ ಮನೆ ತುಂಬಾ ಜನ. ಬಿದಿರಿನಲ್ಲಿ ಬೇಯಿಸಿದ ಅನ್ನ, ತೆಂಗಿನಹಾಲಿನ ಮಾಂಸದ ರೆಂದಾಂಗ್, ಗದ್ದಲ. ಯಾರೋ, “ಅಲಾಂಗ್, ಭರಣಿ ತನ್ನಿ, ಈ ವರ್ಷ ಯಾರು ಬಿದ್ದಿದಾರೆ ನೋಡೋಣ” ಎಂದು ಕೂಗಿದರು. ನಾನು ತಟ್ಟೆ ಹಿಡಿದು ಅಡುಗೆಮನೆಗೆ ಸರಿದೆ. ಬಾಗಿಲ ಸಂದಿನಿಂದ ಕಾಣುತ್ತಿತ್ತು. ಭಾವ ಭರಣಿಗೆ ಕೈ ಹಾಕಿ ಹೊಸದೊಂದನ್ನು ತೆಗೆದರು. ಸೀಳಿದ ಪ್ಲಗ್ ವೈರು, ಅದಕ್ಕೆ ಕಟ್ಟಿದ ಬೆಂಕಿಪೊಟ್ಟಣ. ಎರಡಕ್ಕೂ ಸೇರಿ ಒಂದೇ ಚೀಟಿ. ಪೊಟ್ಟಣದ ವಾಸನೆ ನೋಡಿದವನು ಚೀಟಿ ಓದಿ ಬಿದ್ದು ಬಿದ್ದು ನಕ್ಕ.

“ಅಲಾಂಗ್ ಅಂತಿದೆಯಲ್ರೋ! ನಿಮ್ಮ ಕಾರಿಗೆ ನೀವೇ ಡಾಂಬರು ಗುಳಿಗೆ ಹಾಕಿದ್ರಾ?”

“ಹೂಂ” ಅಂದರು ಭಾವ. “ಮನೆಯವಳ ಕಾರನ್ನ ಸಾಲಿನ ಕೊನೆಗೆ ನಿಲ್ಲಿಸಿದೋನ ಟ್ಯಾಂಕಿಗೆ ಏನು ಬೇಕಾದ್ರೂ ಬೀಳುತ್ತೆ.”

ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ನಕ್ಕರು. ಮೂವತ್ತೆಂಟು ವರ್ಷದ ಬಾಕಿಯನ್ನು ಒಂದೇ ದಿನದಲ್ಲಿ ತೀರಿಸಿಕೊಳ್ಳುವವರ ಹಾಗೆ ನಕ್ಕರು. ನನಗೆ ತಡೆಯಲಾಗಲಿಲ್ಲ. ತಟ್ಟೆ ಕೆಳಗಿಟ್ಟು ಹೊರಗೆ ಬಂದು, “ಗುಳಿಗೆ ಹಾಕಿದ್ದು ನಾನು” ಅಂದೆ.

 ಇಮಾಮರು ಎದ್ದು ಬಂದು ನನ್ನ ಬೆನ್ನು ತಟ್ಟಿದರು.

“ನೋಡ್ರಪ್ಪ, ಭಾಮೈದ ಅಂದ್ರೆ ಹಿಂಗಿರಬೇಕು. ಭಾವನ ಮರ್ಯಾದೆಗೋಸ್ಕರ ಹಬ್ಬದ ದಿನಾನೂ ಸುಳ್ಳು ಹೇಳ್ತಾನೆ.”

ಎಷ್ಟು ಆಣೆ ಹಾಕಿದರೂ ಯಾರೂ ನಂಬಲಿಲ್ಲ. ಭಾವ ಭರಣಿಯ ಮುಚ್ಚಳ ಹಾಕಿ, ಪಕ್ಕದ ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು.

“ಕೂತ್ಕೊಳೋ ಬುಸು” ಅಂದರು. “ಅನ್ನ ಆರೋಗುತ್ತೆ.”